ಸುಳ್ಳು ಗೆರೆಯ ಕೊಂಡಿಗಳು

ಕುವೈತ್ ಸಿಟಿಯ ಗಾಜಿನ ಗೋಪುರಗಳ ಮೈಮೇಲೆ, ಮಾಳಿಗೆಯಿಂದ ಉಕ್ಕಿನ ಹಗ್ಗದಲ್ಲಿ ಇಳಿಬಿಟ್ಟ ಉದ್ದನೆಯ ತೊಟ್ಟಿಯೊಂದು ಆಗಾಗ ಕಾಣುತ್ತದೆ. ಅದರೊಳಗೆ ಇಬ್ಬರು ನಿಂತು ಗಾಜು ಒರೆಸುತ್ತಿರುತ್ತಾರೆ. ಅದಕ್ಕೆ ಕ್ರೇಡಲ್ ಅನ್ನುತ್ತಾರೆ. ಮಾಳಿಗೆಯ ಅಂಚಿನಿಂದ ಹೊರಚಾಚಿದ ಲೋಹದ ತೋಳಿಗೂ ಆ ಹಗ್ಗಕ್ಕೂ ನಡುವೆ ಅಂಗೈಯಷ್ಟು ದೊಡ್ಡ ಅಲ್ಯೂಮಿನಿಯಂ ಕೊಂಡಿ ಇರುತ್ತದೆ. ಕೊಂಡಿಗೆ ಎರಡು ಕಿವಿ, ಕಿವಿಗಳಲ್ಲಿ ತೂತು, ತೂತಿನ ಮೂಲಕ ಉಕ್ಕಿನ ಪಿನ್ನು. ನಮ್ಮ ಗಿರಾಕಿಯಾದ ಗಾಜು ಒರೆಸುವ ಕಂಪನಿಯ ಹಳೆಯ ಕ್ರೇಡಲ್‌ಗಳಲ್ಲಿ ಕೆಲಸದವರ ಸೊಂಟದ ಬೆಲ್ಟನ್ನು ತೊಟ್ಟಿಗೇ ಕಟ್ಟುತ್ತಿದ್ದರು. ಕಿವಿ ಹರಿದರೆ ತೊಟ್ಟಿ ಹೋಯಿತು, ಅದರ ಜೊತೆ ಬೆಲ್ಟೂ ಹೋಯಿತು, ಬೆಲ್ಟಿನೊಳಗಿದ್ದವರೂ ಹೋದರು.

ಈ ಕೊಂಡಿಗಳನ್ನು ಮಾಡಿಕೊಡುವ ಕೆಲಸ ಸಬ್ಹಾನ್ ಕೈಗಾರಿಕಾ ಪ್ರದೇಶದ ನಮ್ಮ ಮೆಷಿನ್ ಶಾಪಿಗೆ ಬಂತು. ನಾನು ಅಲ್ಲಿ ಕ್ವಾಲಿಟಿ ಇಂಜಿನಿಯರ್. ತಯಾರಾದ ಭಾಗವನ್ನು ಪರೀಕ್ಷಿಸಿ, ಸರಿಯಿದ್ದರೆ ನನ್ನ ಪಂಚಿನಿಂದ ಒಂದು ಗುರುತು ಹೊಡೆಯುವುದು ನನ್ನ ಕೆಲಸ. ತ್ರಿಕೋನದೊಳಗೆ ಒಂದು ಚುಕ್ಕಿ, ಅದು ನನ್ನ ಗುರುತು. ಆ ಗುರುತು ಬೀಳದೆ ಯಾವ ಭಾಗವೂ ಗೇಟು ದಾಟುವಂತಿರಲಿಲ್ಲ.

ಗಿರಾಕಿಯ ನಕ್ಷೆಯಲ್ಲಿ ಕೊಂಡಿ ಫೋರ್ಜಿಂಗ್ ಆಗಿರಬೇಕು ಎಂದು ಸ್ಪಷ್ಟವಾಗಿತ್ತು. ಅಂದರೆ ಕಾಯಿಸಿದ ಲೋಹವನ್ನು ಅಚ್ಚಿನಲ್ಲಿಟ್ಟು ಒತ್ತಿ ಮಾಡಿದ್ದು. ಹಾಗೆ ಒತ್ತಿದಾಗ ಲೋಹದೊಳಗಿನ ಎಳೆಗಳು ಕೊಂಡಿಯ ಆಕಾರದ ಜೊತೆಗೇ ಬಾಗಿ, ಕಿವಿಯನ್ನು ಸುತ್ತಿ ಬರುತ್ತವೆ. ಇನ್ನೊಂದು ದಾರಿ ಬಿಲೆಟ್. ಗಟ್ಟಿ ಹಲಗೆಯೊಂದನ್ನು ಮೆಷಿನ್ನಿಗೆ ಕಟ್ಟಿ, ಬೇಡದ್ದನ್ನೆಲ್ಲ ಕೊರೆದು ತೆಗೆದು, ಉಳಿದದ್ದನ್ನು ಕೊಂಡಿ ಅನ್ನುವುದು. ನಮ್ಮಲ್ಲಿ ಅಚ್ಚೂ ಇರಲಿಲ್ಲ, ಒತ್ತುವ ಪ್ರೆಸ್ಸೂ ಇರಲಿಲ್ಲ. ಒತ್ತಿದ ಕಚ್ಚಾ ಕೊಂಡಿಗಳು ಹೊರದೇಶದಿಂದ ಹಡಗಿನಲ್ಲಿ ಬರಬೇಕಿತ್ತು. ಹಡಗು ತಡವಾಯಿತು. ಫೆಬ್ರವರಿಯ ರಾಷ್ಟ್ರೀಯ ದಿನಕ್ಕೆ ಮೊದಲು ಗೋಪುರಗಳು ಹೊಳೆಯಬೇಕು ಎಂದು ಗಿರಾಕಿ ಅವಸರ ಮಾಡತೊಡಗಿದ.

ನಮ್ಮ ಮ್ಯಾನೇಜರು ಉಡುಪಿ ಕಡೆಯವರು. ನಾನು ಮೈಸೂರಿನವನು. ಇಬ್ಬರೂ ಕನ್ನಡ ಮಾತಾಡುತ್ತೇವೆ ಎನ್ನುವುದಷ್ಟೇ ನಮ್ಮ ನಡುವಿನ ನಂಟು. ಅವರು ಒಂದು ದಿನ ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತರು.

"ಬಿಲೆಟ್ಟಲ್ಲಿ ಮಾಡಿದ್ರೆ ಎಂತ ತೊಂದ್ರೆ ಮಾರಾಯ್ರೆ? ಗಟ್ಟಿ ಅಲ್ವಾ ಅದು?"

"ಮಾಡ್ಬಹುದು ಸಾರ್. ಆದ್ರೆ ಎರಡು ಷರತ್ತು. ಗಿರಾಕಿಗೆ ಹೇಳಿ ಒಪ್ಪಿಸ್ಬೇಕು. ಮತ್ತೆ ಹಲಗೆಯಲ್ಲಿ ಕೊಂಡಿ ಮಲಗಿರ್ಬೇಕು, ನಿಂತಿರಬಾರದು."

ಎರಡನೆಯ ಷರತ್ತನ್ನು ಬಿಡಿಸಿ ಹೇಳಬೇಕು, ಮುಂದಿನದ್ದೆಲ್ಲ ಅದರ ಮೇಲೇ ನಿಂತಿದೆ. ದಪ್ಪ ಅಲ್ಯೂಮಿನಿಯಂ ಹಲಗೆಯನ್ನು ರೋಲರುಗಳ ನಡುವೆ ಹಾಯಿಸಿ ಹಾಯಿಸಿ ಮಾಡಿರುತ್ತಾರೆ. ಹಾಗಾಗಿ ಅದರ ಒಳಗೆ ಚಿರೋಟಿಯ ಹಾಗೆ ಪದರಗಳಿರುತ್ತವೆ. ಕೊಂಡಿ ಮಲಗಿದ್ದು, ಮೇಲಿನಿಂದ ನೇರ ಕೆಳಗೆ ತೂತು ಕೊರೆದರೆ ಪದರಗಳು ಒಗ್ಗಟ್ಟಾಗಿ ಭಾರ ಹೊರುತ್ತವೆ. ಕೊಂಡಿ ನಿಂತಿದ್ದು, ಪಕ್ಕದ ಅಂಚಿನಿಂದ ಕೊರೆದು, ಪಿನ್ನು ತೂತನ್ನು ಸವೆಸದಂತೆ ಹಾಕುವ ಉಕ್ಕಿನ ಬಳೆಯನ್ನು ಅದರೊಳಗೆ ಬಿಗಿಯಾಗಿ ಒತ್ತಿ ಕೂರಿಸಿದರೆ, ಅದು ಹಗಲು ರಾತ್ರಿ ಪದರಗಳನ್ನು ಬೇರ್ಪಡಿಸಲು ತಳ್ಳುತ್ತಲೇ ಇರುತ್ತದೆ. ಹೊಸದಾಗಿದ್ದಾಗ ಏನೂ ಆಗುವುದಿಲ್ಲ. ಸಮುದ್ರದ ಉಪ್ಪುಗಾಳಿ ಕೆಲವು ವಾರ ತಾಗಿದ ಮೇಲೆ ಒಂದು ದಿನ ಕೂದಲೆಳೆಯ ಬಿರುಕು ಬಿಡುತ್ತದೆ. ನಾವು ಆರಿಸಿಕೊಂಡಿದ್ದ ಗಟ್ಟಿ ಜಾತಿಯ ಅಲ್ಯೂಮಿನಿಯಂಗೆ ಈ ರೋಗ ಬೇಗ ಬರುತ್ತದೆ.

ಮ್ಯಾನೇಜರು ತಲೆಯಾಡಿಸಿದರು. ನಾನೇ ನಿಂತು ಒಂದು ಮಾದರಿಯನ್ನು ಮಲಗಿಸಿ ಮಾಡಿಸಿದೆ. ಎಳೆಯುವ ಯಂತ್ರಕ್ಕೆ ಹಾಕಿ, ಹೊರಬೇಕಾದ ಭಾರದ ಹಲವು ಪಟ್ಟು ಎಳೆದೆ. ಜಗ್ಗಲಿಲ್ಲ. ಗಿರಾಕಿಗೆ ಬಿಲೆಟ್ ವಿಷಯ ಹೇಳುತ್ತೇನೆ ಎಂದು ಮ್ಯಾನೇಜರು ಮಾತು ಕೊಟ್ಟರು. ಅಷ್ಟರಲ್ಲಿ ರಿಫೈನರಿಯೊಂದರ ರಿಪೇರಿ ಕೆಲಸಕ್ಕೆ ನನ್ನನ್ನು ಕಳಿಸಿದರು. ಮಂಗಫ್‌ನಲ್ಲಿ ಉಳಿದು, ಕಂಪನಿ ಬಸ್ಸಿನಲ್ಲಿ ಹೋಗಿ ಬಂದು, ಆ ಕೆಲಸ ಮುಗಿಸುವ ಹೊತ್ತಿಗೆ ಜನವರಿ ಕಳೆದಿತ್ತು.

ವಾಪಸು ಬಂದ ದಿನ ಪರೀಕ್ಷೆಯ ಮೇಜಿನ ಮೇಲೆ ಕೊಂಡಿಗಳು ಸಾಲಾಗಿ ಕುಳಿತಿದ್ದವು. ಒಂದನ್ನು ಎತ್ತಿಕೊಂಡೆ. ಮೈ ಒರಟಾಗಿತ್ತು, ನಡುವೆ ಸುತ್ತಲೂ ಒಂದು ಉಬ್ಬು ಗೆರೆ ಇತ್ತು. ಅಚ್ಚಿನ ಎರಡು ಹೋಳು ಸೇರುವಲ್ಲಿ ಹೆಚ್ಚುವರಿ ಲೋಹ ಹೊರಗೆ ಇಣುಕುತ್ತದೆ, ಅದನ್ನು ಕತ್ತರಿಸಿದ ಮೇಲೆ ಉಳಿಯುವ ಗೆರೆ ಅದು. ಫೋರ್ಜಿಂಗ್ ಗುರುತಿಸಲು ಎಲ್ಲರೂ ಮೊದಲು ನೋಡುವುದು ಅದನ್ನೇ. ಸದ್ಯ, ಹಡಗು ಬಂತಲ್ಲ ಅಂದುಕೊಂಡೆ.

ಅಭ್ಯಾಸಬಲದಿಂದ ಮೂಲೆಮಟ್ಟವನ್ನು ಕೊಂಡಿಯ ಪಕ್ಕಕ್ಕೆ ಇಟ್ಟು ಬೆಳಕಿಗೆ ಹಿಡಿದೆ. ಪಕ್ಕದ ಗೋಡೆ ನೆಟ್ಟಗೆ ಲಂಬವಾಗಿತ್ತು. ಪೂರ್ತಿ ಲಂಬ, ನಡುವೆ ಬೆಳಕು ಸಹ ನುಸುಳಲಿಲ್ಲ. ಅಚ್ಚಿನಿಂದ ಹೊರಬರಬೇಕಾದ ವಸ್ತುವಿನ ಗೋಡೆ ಸ್ವಲ್ಪವಾದರೂ ಓರೆ ಇರಲೇಬೇಕು, ಇಲ್ಲದಿದ್ದರೆ ಅದು ಅಚ್ಚಿನಲ್ಲೇ ಸಿಕ್ಕಿಕೊಳ್ಳುತ್ತದೆ. ಇಡ್ಲಿ ತಟ್ಟೆಯ ಗುಳಿ ಓರೆಯಾಗಿರುವುದೂ ಅದಕ್ಕೇ. ನನ್ನ ಕೈಯಲ್ಲಿದ್ದದ್ದು ಯಾವ ಅಚ್ಚಿನಿಂದಲೂ ಬಂದಿರಲು ಸಾಧ್ಯವಿರಲಿಲ್ಲ.

ಅದು ಬಿಲೆಟ್. ಮೆಷಿನ್ನಿನಲ್ಲಿ ಕೊರೆಯುವಾಗಲೇ ಉಬ್ಬು ಗೆರೆಯೊಂದು ಉಳಿಯುವಂತೆ ಪ್ರೋಗ್ರಾಂ ಬರೆಸಿದ್ದರು. ಆಮೇಲೆ ಆ ಗೆರೆಯನ್ನು ಗ್ರೈಂಡರಿನಿಂದ ಅಲ್ಲಲ್ಲಿ ಕಚ್ಚಿಸಿ, ಮರಳು ಊದಿ ಮೈಯೆಲ್ಲ ಒರಟು ಮಾಡಿದ್ದರು. ಕೆಲಸದಲ್ಲಿ ಸೋಮಾರಿತನ ನೋಡಿದ್ದೇನೆ, ತಪ್ಪು ನೋಡಿದ್ದೇನೆ, ಮುಚ್ಚಿಹಾಕುವುದನ್ನೂ ನೋಡಿದ್ದೇನೆ. ಆದರೆ ಸುಳ್ಳಿಗಾಗಿ ಇಷ್ಟು ಮೆಷಿನ್ ಹೊತ್ತು, ಇಷ್ಟು ಅಚ್ಚುಕಟ್ಟುತನ ಖರ್ಚು ಮಾಡಿದ್ದನ್ನು ನೋಡಿದ್ದು ಅದೇ ಮೊದಲು. ಆ ಅಚ್ಚುಕಟ್ಟುತನ ನೋಡಿ ನನಗೆ ಹೇಸಿಗೆಯಾಯಿತು. ಕೊಂಡಿಯನ್ನು ಕೆಳಗಿಟ್ಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ.

ಆಮೇಲೆ ಅದರ ಬೆನ್ನು ತಿರುಗಿಸಿ ನೋಡಿದೆ. ತ್ರಿಕೋನ, ಒಳಗೆ ಚುಕ್ಕಿ. ನನ್ನ ಗುರುತು. ನನ್ನ ಪಂಚು ನನ್ನ ಡ್ರಾಯರಿನಲ್ಲಿ ಬೀಗದೊಳಗೆ ಇತ್ತು. ಆ ಬೀಗಕ್ಕೆ ಇನ್ನೊಂದು ಕೀಲಿ ಇದ್ದದ್ದು ಮ್ಯಾನೇಜರ ಹತ್ತಿರ ಮಾತ್ರ.

"ಏನ್ ಸಾರ್ ಇದು?" ಎಂದು ಅವರ ಕ್ಯಾಬಿನ್ನಿಗೆ ಹೋಗಿ ಕೇಳಿದೆ.

"ಎಂತ ಆಯ್ತು? ಚಂದ ಬಂದಿದೆ ಅಲ್ವಾ?"

"ನನ್ನ ಪಂಚ್ ಯಾರು ಮುಟ್ಟಿದ್ದು?"

"ನೀವು ಇರ್ಲಿಲ್ಲ ಮಾರಾಯ್ರೆ. ಗಿರಾಕಿ ಗೇಟಲ್ಲಿ ಕೂತಿದ್ದ. ನೀವೇ ಪಾಸ್ ಮಾಡಿದ್ದಲ್ವಾ ಸ್ಯಾಂಪಲ್ಲು?"

"ಸ್ಯಾಂಪಲ್ ಬಿಲೆಟ್ ಅಂತ ಪಾಸ್ ಮಾಡಿದ್ದು. ಇದನ್ನ ಫೋರ್ಜಿಂಗ್ ವೇಷ ಹಾಕಿ ನಿಲ್ಸಿದೀರಲ್ಲ!"

"ಗಿರಾಕಿಗೆ ಗೆರೆ ಬೇಕು, ಗೆರೆ ಕೊಟ್ಟಿದ್ದೇವೆ. ಎಲ್ಲದಕ್ಕೂ ಒಂದು ರಗಳೆ ಮಾಡ್ತೀರಿ ನೀವು. ನಮ್ಮ ಕನ್ನಡದವರು ಅಂತ ಹೇಳುದು, ಹೊಂದಿಕೊಂಡು ಹೋಗಿ."

ಹಲಗೆಯಲ್ಲಿ ಮಲಗಿಸಿದ್ದೀರೋ ನಿಲ್ಲಿಸಿದ್ದೀರೋ ಎಂದು ಕೇಳಿದೆ. ಚಹಾ ತರಿಸಲಾ ಎಂದು ಕೇಳಿದರು.

ಉತ್ತರವನ್ನು ನಾನೇ ಹುಡುಕಬೇಕಾಯಿತು. ಒಂದು ಕೊಂಡಿಯನ್ನು ಕಿವಿಯ ನಡುವೆ ಸೀಳಿ, ಕತ್ತರಿಸಿದ ಮುಖವನ್ನು ಕನ್ನಡಿಯಾಗುವ ತನಕ ಉಜ್ಜಿದೆ. ಬಿಸಿ ಮಾಡಿದ ಕಾಸ್ಟಿಕ್ ಸೋಡಾದಲ್ಲಿ ಅದ್ದಿದೆ. ಗುಳ್ಳೆ ಎದ್ದು ಮುಖವೆಲ್ಲ ಮಸಿಯಂತೆ ಕಪ್ಪಾಯಿತು. ಆ ಮಸಿಯನ್ನು ನೈಟ್ರಿಕ್ ಆಸಿಡ್ಡಿನಲ್ಲಿ ತೊಳೆದಾಗ ಒಳಗಿನ ಎಳೆಗಳು ಎದ್ದು ಬಂದವು. ಫೋರ್ಜಿಂಗ್ ಆಗಿದ್ದರೆ ಎಳೆಗಳು ಕಿವಿಯನ್ನು ಸುತ್ತಿ ಬಾಗಬೇಕಿತ್ತು. ಸರಿಯಾಗಿ ಮಲಗಿಸಿದ ಬಿಲೆಟ್ ಆಗಿದ್ದರೆ ತೂತಿಗೆ ಅಡ್ಡಲಾಗಿರಬೇಕಿತ್ತು. ಇಲ್ಲಿ ತೂತಿನ ಉದ್ದಕ್ಕೂ, ತೂತಿನ ಜೊತೆಜೊತೆಗೇ, ನೆಟ್ಟಗೆ ಓಡಿದ್ದವು. ಕೊಂಡಿಗಳನ್ನು ನಿಲ್ಲಿಸಿಯೇ ಕೊರೆದಿದ್ದರು. ನಿಲ್ಲಿಸಿದರೆ ಒಂದೇ ಹಲಗೆಯಲ್ಲಿ ಹೆಚ್ಚು ಕೊಂಡಿ ಹಿಡಿಯುತ್ತವೆ, ಅಷ್ಟೇ ಕಾರಣ.

ಆ ತುಂಡನ್ನು ತೋರಿಸಿದಾಗ ಮ್ಯಾನೇಜರು, "ಈ ನಿಮ್ಮ ಚಿತ್ರ ಯಾರಿಗೆ ಅರ್ಥ ಆಗ್ತದೆ? ಎಳೆದು ನೋಡಿ, ಪಾಸಾಗ್ತದೆ," ಎಂದರು. ಅದು ನಿಜವೇ ಆಗಿತ್ತು. ಎಳೆದರೆ ಅವತ್ತಿಗೆ ಪಾಸಾಗುತ್ತಿತ್ತು. ಈ ಅರ್ಧ ನಿಜ ಹಿಡಿದುಕೊಂಡು ಅವರು ನನ್ನನ್ನು ಅಂದು ಸಂಜೆ ಮಾಲೀಕರ ದಿವಾನಿಯಾಕ್ಕೆ ಕರೆದುಕೊಂಡು ಹೋದರು. ದಿವಾನಿಯಾ ಅಂದರೆ ಇಲ್ಲಿಯ ಗಂಡಸರು ಸಂಜೆ ಗೆಳೆಯರ ಜೊತೆ ಕೂರುವ ಹಜಾರ. ಮಾಲೀಕರು ಕುವೈತಿ, ನನ್ನ ಕಫೀಲ್, ಅಂದರೆ ವೀಸಾಕ್ಕೆ ಹೊಣೆ ನಿಂತವರು, ಕೂಡ ಅವರೇ. ನನ್ನ, ನನ್ನ ಹೆಂಡತಿಯ, ಮಗಳ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಎಲ್ಲ ಅವರ ಸಹಿಯ ಮೇಲೆ ನಿಂತಿತ್ತು.

ಅವರಿಗೆ ಗುರಿ ಹೊಡೆಯುವ ಹವ್ಯಾಸ. ಬಿಲೆಟ್ ಎಂಬ ಪದ ಕಿವಿಗೆ ಬಿದ್ದದ್ದೇ ಖುಷಿಯಾಗಿ ಫೋನ್ ತೆಗೆದು ತಮ್ಮ ರೈಫಲ್ಲಿನ ಚಿತ್ರ ತೋರಿಸಿದರು. ಅದರ ರಿಸೀವರ್, ಅಂದರೆ ನಳಿಗೆ, ಟ್ರಿಗರು, ಮ್ಯಾಗಝೀನು ಎಲ್ಲವನ್ನೂ ಹಿಡಿದಿಡುವ ನಡುವಿನ ದೇಹ, ಬಿಲೆಟ್ಟಿನದಂತೆ. ಗೆಳೆಯರ ಹತ್ತಿರ ಇರುವುದು ಫೋರ್ಜಿಂಗಿನದು, ತಮ್ಮದೇ ಹೆಚ್ಚು ಬೆಲೆಯದು, ಮೂಲೆಗಳು ಎಷ್ಟು ಚೂಪು ನೋಡು ಎಂದರು. ದುಬಾರಿಯದ್ದನ್ನು ಗಿರಾಕಿಗೆ ಕೊಡುತ್ತಿದ್ದೇವೆ, ನೀನು ಯಾಕೆ ಅಳುತ್ತೀಯ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವರ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಪಕ್ಕದಲ್ಲಿ ಕುಳಿತ ಮ್ಯಾನೇಜರು ಹಲ್ಲು ಕಿರಿಯುತ್ತಿದ್ದರು.

ನಾನು ತಾಳ್ಮೆಯಿಂದಲೇ ಹೇಳಿದೆ. ನಿಮ್ಮ ರೈಫಲ್ಲಿನಲ್ಲಿ ಗುಂಡು ಹಾರುವಾಗಿನ ಹೊಡೆತವನ್ನು ನಳಿಗೆಯ ಬುಡಕ್ಕೆ ಬೀಗ ಹಾಕಿಕೊಳ್ಳುವ ಉಕ್ಕಿನ ಬೋಲ್ಟು ಹೊರುತ್ತದೆ. ಸುತ್ತಲಿನ ರಿಸೀವರಿಗೆ ಅದರ ಅಲ್ಪ ಪಾಲು. ಅಲ್ಲಿ ಫೋರ್ಜಿಂಗ್ ಆದರೂ ನಡೆಯುತ್ತದೆ, ಚೆನ್ನಾಗಿ ಮಾಡಿದ ಬಿಲೆಟ್ ಆದರೂ ನಡೆಯುತ್ತದೆ, ನೀವು ಹೆಚ್ಚು ಕೊಟ್ಟದ್ದು ಅಂದಕ್ಕೆ. ಇಲ್ಲಿ ಕಿವಿಯೇ ಎಲ್ಲವನ್ನೂ ಹೊರಬೇಕು, ಅದರ ಕೆಳಗೆ ಇಬ್ಬರು ಮನುಷ್ಯರು ತೂಗುತ್ತಿರುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಅದಕ್ಕೆ ಬೇರೆಯದರ ವೇಷ ಹಾಕಿ, ನನ್ನ ಗುರುತು ಕದ್ದು ಒತ್ತಿದ್ದಾರೆ.

ಮಾಲೀಕರು ಮ್ಯಾನೇಜರ ಕಡೆ ತಿರುಗಿ, "ಎಳೆದ ಟೆಸ್ಟ್ ಪಾಸಾ?" ಎಂದರು. ಪಾಸು ಎಂದರು ಇವರು. "ಖಲಾಸ್," ಎಂದರು ಅವರು. ಖರ್ಜೂರದ ತಟ್ಟೆ ನನ್ನ ಕಡೆ ಸರಿಯಿತು. ನಾನು ಅದನ್ನು ಮುಟ್ಟದೆ ಎದ್ದೆ.

ರಿಗ್ಗೈನ ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಚಪಾತಿ ಬೇಯಿಸುತ್ತಿದ್ದಳು. "ಇಕಾಮಾ ಅವ್ರ ಕೈಲಿದೆ, ಅದು ನೆನಪಿರ್ಲಿ," ಎಂದಳು. ಚಪಾತಿ ಮಗುಚುತ್ತಾ, "ಅದನ್ನ ಆಗ್ಲೇ ಎಲ್ಲಾದ್ರೂ ಕಟ್ಟಿದಾರಾ?" ಎಂದು ಕೇಳಿದಳು. ನನ್ನ ಸಿಟ್ಟಿನಲ್ಲಿ ಆ ಪ್ರಶ್ನೆ ನನಗೇ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಗಿರಾಕಿಯ ಕ್ರೇಡಲ್ ಫೋರ್‌ಮನ್ ಕೊಂಡಿಗಳನ್ನು ಒಯ್ಯಲು ಪಿಕಪ್ ತಂದು ಗೇಟಿನಲ್ಲಿ ನಿಲ್ಲಿಸಿದರು. ಸುರತ್ಕಲ್ ಕಡೆಯವರು, ನನಗಿಂತ ಹಿರಿಯರು. ತಾವೇ ತೊಟ್ಟಿಯಲ್ಲಿ ನಿಂತು ಗಾಜು ಒರೆಸುವ ಫೋರ್‌ಮನ್. ಮ್ಯಾನೇಜರು ಅವರ ಭುಜದ ಮೇಲೆ ಕೈ ಹಾಕಿ ತುಳುವಿನಲ್ಲಿ ನಗಾಡುತ್ತಾ ಮಾತಾಡುತ್ತಿದ್ದರು. ನಾನು ಫೋರ್‌ಮನ್‌ರನ್ನು ಪಕ್ಕಕ್ಕೆ ಕರೆದು ಕೇಳಿದೆ.

"ಅಣ್ಣ, ಈ ಥರದ ಕೊಂಡಿ ಈಗಾಗ್ಲೇ ಎಲ್ಲಾದ್ರೂ ಹಾಕಿದೀರಾ?"

"ಒಂದು ಜೊತೆ ಕೊಟ್ಟಿದ್ರಲ್ಲ ಸಾರ್ ಹೋದ ತಿಂಗಳು. ಸಮುದ್ರದ ಎದುರಿನ ಬಿಲ್ಡಿಂಗಿಗೆ ಹಾಕಿದ್ದು. ನಾನೇ ಹೋಗ್ತಾ ಉಂಟು ಅದ್ರಲ್ಲಿ."

"ಇವತ್ತು ಯಾರೂ ಇಳೀಬೇಡಿ. ನನ್ನನ್ನ ಈಗ್ಲೇ ಅಲ್ಲಿಗೆ ಕರ್ಕೊಂಡ್ ಹೋಗಿ."

ಮಾಳಿಗೆಯ ಮೇಲೆ ಗಾಳಿ ಜೋರಾಗಿತ್ತು, ತುಟಿಗೆ ಉಪ್ಪು ಹತ್ತುತ್ತಿತ್ತು. ಪಿನ್ನು ಬಿಡಿಸಿ ಎರಡು ಕೊಂಡಿಗಳನ್ನೂ ತೆಗೆದೆವು. ಬರಿಗಣ್ಣಿಗೆ ಏನೂ ಕಾಣಲಿಲ್ಲ. ಬಿರುಕು ಹುಡುಕುವ ಕೆಂಪು ಬಣ್ಣವನ್ನು ಸಿಂಪಡಿಸಿ, ಅದು ಒಳಗಿಳಿಯಲು ಬಿಟ್ಟು, ಮೇಲಿನದ್ದನ್ನು ಪೂರ್ತಿ ಒರೆಸಿ, ಬಿಳಿ ಪುಡಿ ಊದಿದೆ. ಬಿರುಕಿದ್ದರೆ ಒಳಗೆ ಕುಳಿತ ಕೆಂಪು ಪುಡಿಯ ಮೇಲೆ ಒಸರುತ್ತದೆ. ಮೊದಲ ಕೊಂಡಿ ಬೆಳ್ಳಗೇ ಉಳಿಯಿತು. ಎರಡನೆಯದರ ಕಿವಿಯಲ್ಲಿ, ಬಳೆಯ ಅಂಚಿನಿಂದ ಹೊರಗಿನ ತುದಿಯ ಕಡೆಗೆ, ಕೆಂಪು ಗೆರೆಯೊಂದು ನಿಧಾನವಾಗಿ ಮೂಡಿತು. ಅದು ನಿಜವಾದ ಗೆರೆ. ಯಾರೂ ಪ್ರೋಗ್ರಾಂ ಬರೆದು ಮಾಡಿದ್ದಲ್ಲ.

ಫೋರ್‌ಮನ್ ಅದನ್ನು ಕೈಗೆ ತೆಗೆದುಕೊಂಡು ನೋಡಿದರು. "ನಿನ್ನೆ ಸಂಜೆವರೆಗೆ ಇದ್ರಲ್ಲಿ ನೇತಾಡ್ತಿದ್ದೆ ಸಾರ್," ಎಂದರು. ಆಮೇಲೆ ಮಾಳಿಗೆಯ ಕಟ್ಟೆಯಿಂದ ದೂರ ಸರಿದು, ನೀರಿನ ಟ್ಯಾಂಕಿನ ಗೋಡೆಗೆ ಒರಗಿ ಕುಳಿತುಬಿಟ್ಟರು. ನಾನೂ ಪಕ್ಕದಲ್ಲಿ ಕುಳಿತೆ. ಗಟ್ಟಿಯಾಗಿ ಬೈಯಬೇಕು ಅನಿಸಿತು, ಬಾಯಿಗೆ ಬಂದ ಯಾವ ಬೈಗುಳವೂ ಸಾಲದು ಅನಿಸಿತು.

ಫೋರ್‌ಮನ್ ಜೊತೆ ಪಿಕಪ್ಪಿನಲ್ಲಿ ಸಬ್ಹಾನಿಗೆ ಮರಳುವ ದಾರಿಯಲ್ಲಿ ತೀರ್ಮಾನ ಮಾಡಿದೆ. ಎತ್ತುವ, ತೂಗುವ ಕೆಲಸದ ಭಾಗ ಒಂದು ಸಲ ತಿರಸ್ಕಾರವಾದರೆ ಅದನ್ನು ಹಾಗೇ ಗುಜರಿಗೆ ಎಸೆಯಬಾರದು ಎನ್ನುವುದು ನಮ್ಮ ಕಸುಬಿನ ನಿಯಮ. ತೂತಿನ ನಡುವೆ ಸೀಳಿಯೇ ಎಸೆಯಬೇಕು. ಇಲ್ಲದಿದ್ದರೆ ಅದು ಹೇಗೋ ಸುತ್ತಿ ಬಳಸಿ ಕೆಲಸಕ್ಕೆ ವಾಪಸು ಬರುತ್ತದೆ. ತಿರಸ್ಕರಿಸುವ ಅಧಿಕಾರ ನನ್ನದು. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ, ಇಷ್ಟು ದಿನ ಒಪ್ಪಿಗೆ ಕೇಳುತ್ತಾ ಅಲೆದದ್ದೇ ಅತಿಯಾಗಿತ್ತು.

ಬ್ಯಾಂಡ್‌ಸಾ ಗರಗಸದ ಹತ್ತಿರ ಇದ್ದ ಕೆಲಸಗಾರನನ್ನು ಚಹಾಕ್ಕೆ ಕಳಿಸಿದೆ. ಇದರಲ್ಲಿ ಅವನ ಕೆಲಸ ಹೋಗುವುದು ಬೇಡವಾಗಿತ್ತು. ಪೆಟ್ಟಿಗೆಯಿಂದ ಒಂದೊಂದೇ ಕೊಂಡಿ ತೆಗೆದು ಗರಗಸಕ್ಕೆ ಕೊಟ್ಟೆ. ಮೊದಲು ನನ್ನ ಗುರುತು, ಆಮೇಲೆ ಕಿವಿ. ಅರ್ಧ ಪೆಟ್ಟಿಗೆ ಮುಗಿಯುವಷ್ಟರಲ್ಲಿ ಮ್ಯಾನೇಜರು ಓಡಿ ಬಂದರು.

"ಹುಚ್ಚು ಹಿಡಿದಿದೆಯಾ ನಿಮಗೆ? ನಿಲ್ಲಿಸಿ! ಮಾಲೀಕರಿಗೆ ಫೋನ್ ಮಾಡ್ತೇನೆ!"

"ಮಾಡಿ ಸಾರ್. ಬೇಗ ಬರಕ್ಕೆ ಹೇಳಿ."

"ನಿಮ್ಮ ಇಕಾಮಾ ಹೋಗ್ತದೆ, ಗೊತ್ತುಂಟಾ?"

"ಗೊತ್ತು," ಎಂದು ಇನ್ನೊಂದು ಕೊಂಡಿ ಇಟ್ಟೆ.

ಮಾಲೀಕರು ಬರುವ ಹೊತ್ತಿಗೆ ಪೆಟ್ಟಿಗೆ ಖಾಲಿಯಾಗಿತ್ತು. ನಾನು ಬಿರುಕು ಬಿಟ್ಟ ಕೊಂಡಿಯನ್ನು ಅವರ ಕೈಗಿಟ್ಟೆ. ಅವರು ಕೆಂಪು ಗೆರೆಯ ಮೇಲೆ ಉಗುರು ಎಳೆದರು, ತಿರುಗಿಸಿ ನೋಡಿದರು, ಮತ್ತೆ ಎಳೆದರು. ಇದು ಎಲ್ಲಿತ್ತು ಎಂದು ಕೇಳಿದರು. ಹೇಳಿದೆ. ಬಾಗಿಲ ಹತ್ತಿರ ನಿಂತಿದ್ದ ಫೋರ್‌ಮನ್ ಕಡೆ ಕೈ ತೋರಿಸಿ, ಇದರ ಕೆಳಗೆ ಇದ್ದವರು ಅವರು ಎಂದೆ. ಮಾಲೀಕರು ಫೋರ್‌ಮನ್‌ರನ್ನು ಒಂದು ಗಳಿಗೆ ನೋಡಿ, ಮ್ಯಾನೇಜರ ಕಡೆ ತಿರುಗದೆಯೇ, ಹಡಗಿನದು ಬರುವ ತನಕ ಕಾಯಿರಿ ಎಂದರು. ಹೊರಡುವಾಗ ನನ್ನ ಹತ್ತಿರ ಬಂದು, ಗಿರಾಕಿಯ ಆಫೀಸಿಗೆ ಲೋಹದ ದೋಷ ಅಂತಷ್ಟೇ ಹೇಳೋಣ, ಗೆರೆಯ ವಿಷಯ ಬೇಡ ಎಂದರು. ಅವರ ಮೇಲೆ ಆಗಷ್ಟೇ ಮೂಡಿದ್ದ ಗೌರವ ಅಲ್ಲೇ ಇಳಿಯಿತು. ಗೆರೆಯ ವಿಷಯ ಫೋರ್‌ಮನ್‌ಗೆ ದಾರಿಯಲ್ಲೇ ಹೇಳಿಯಾಗಿದೆ ಎಂದೆ.

ನನ್ನ ಇಕಾಮಾ ಹೋಗಲಿಲ್ಲ. ಮ್ಯಾನೇಜರ ಕುರ್ಚಿಯೂ ಹೋಗಲಿಲ್ಲ. ನನಗೆ ಇವತ್ತಿಗೂ ತಡೆಯಲಾಗದೆ ಇರುವುದು ಅದು. ಮರುವಾರವೇ ಅವರು ನನ್ನ ಮೇಜಿಗೆ ಚಹಾ ತಂದಿಟ್ಟು, "ಬಿಡಿ ಮಾರಾಯ್ರೆ, ಆದದ್ದು ಆಯ್ತು. ನಾನೇನು ನನ್ನ ಜೇಬಿಗಾ ಮಾಡಿದ್ದು?" ಎಂದರು. ಚಹಾ ಆರಿ ಕೆನೆ ಕಟ್ಟುವ ತನಕ ಅದನ್ನು ಅಲ್ಲೇ ಬಿಟ್ಟೆ. ಹೊಸ ಬೀಗ ತಂದು ಡ್ರಾಯರಿಗೆ ಹಾಕಿದೆ, ಎರಡೂ ಕೀಲಿ ನನ್ನ ಹತ್ತಿರವೇ ಇಟ್ಟುಕೊಂಡೆ.

ರಾಷ್ಟ್ರೀಯ ದಿನ ಕಳೆದ ಮೇಲೆ ಹಡಗು ಬಂತು. ನಿಜವಾದ ಫೋರ್ಜಿಂಗುಗಳು ನೋಡಲು ಚೆಂದವಿರಲಿಲ್ಲ. ಗೋಡೆ ಓರೆ, ಮೈ ಒರಟು, ಗೆರೆ ಮೊಂಡು. ಒಂದನ್ನು ಸೀಳಿ ಕಾಸ್ಟಿಕ್ಕಿನಲ್ಲಿ ಅದ್ದಿ ನೋಡಿದೆ, ಎಳೆಗಳು ಕಿವಿಯನ್ನು ಸುತ್ತಿ ಬಂದಿದ್ದವು. ತೂತು ಕೊರೆಸಿ, ಬಳೆ ಕೂರಿಸಿ, ಬಣ್ಣ ಹಾಕಿ ಬಿರುಕು ನೋಡಿ, ಪ್ರತಿಯೊಂದಕ್ಕೂ ನನ್ನ ಕೈಯಿಂದಲೇ ಗುರುತು ಹೊಡೆದೆ. ನಾನೇ ಅವನ್ನು ಸಮುದ್ರದ ಎದುರಿನ ಬಿಲ್ಡಿಂಗಿಗೆ ತೆಗೆದುಕೊಂಡು ಹೋದೆ. ಫೋರ್‌ಮನ್ ಒಂದು ಕೊಂಡಿ ಎತ್ತಿಕೊಂಡು, ಅದರ ಬೆನ್ನು ತಿರುಗಿಸಿ, ಗುರುತಿನ ಮೇಲೆ ಹೆಬ್ಬೆರಳು ಆಡಿಸಿದರು.

"ಬೇಜಾರ್ ಮಾಡ್ಬೇಡಿ ಸಾರ್. ಆ ಬಿರುಕಿನ ಪೀಸಲ್ಲೂ ಇದೇ ಗುರ್ತು ಇತ್ತು."

"ಅದು ನಾನು ಹೊಡೆದಿದ್ದಲ್ಲ ಅಣ್ಣ. ಹೇಳಿದ್ನಲ್ಲ ನಿಮಗೆ."

"ನೀವು ಹೇಳಿದ್ದು ನನಗೆ ನಂಬಿಕೆ ಉಂಟು. ನನ್ನೊಟ್ಟಿಗೆ ಇರುವವರಿಗೆ ಹೇಗೆ ಹೇಳುದು? ನೀವು ಹೊಡ್ದದ್ದು ಯಾವುದು, ಅವ್ರು ಹೊಡ್ದದ್ದು ಯಾವುದು ಅಂತ ಗುರ್ತಲ್ಲಿ ಗೊತ್ತಾಗ್ತದಾ?"

ಎರಡೂ ಒಂದೇ ಪಂಚಿನ ಗುರುತು. ಫೋರ್‌ಮನ್ ಕೊಂಡಿಗೆ ಪಿನ್ನು ಹಾಕಿ, ಹಗ್ಗ ಎಳೆದು ನೋಡಿ, ತೊಟ್ಟಿಯ ಬಾಗಿಲು ತೆರೆದು ಹಿಡಿದರು. "ಒಮ್ಮೆ ನಮ್ಮೊಟ್ಟಿಗೆ ಇಳೀರಿ. ನಮ್ಮವ್ರು ನೋಡ್ಲಿ."

ಮಾಳಿಗೆಯ ಮೇಲೆ ಅವರ ತಂಡದವರು ನಿಂತು ನನ್ನನ್ನೇ ನೋಡುತ್ತಿದ್ದರು. ಎತ್ತರ ಅಂದರೆ ನನಗೆ ಮೊದಲಿಂದಲೂ ಹೆದರಿಕೆ. ಹತ್ತಿ ನಿಂತೆ. ಬೆಲ್ಟು ಕಟ್ಟಿದರು. ಅದನ್ನು ಈಗ ಬೇರೆಯೇ ಹಗ್ಗಕ್ಕೆ, ಮಾಳಿಗೆಯ ಕಂಬದಿಂದ ಬಂದದ್ದಕ್ಕೆ ಕಟ್ಟಿದರು. ಅಷ್ಟಾದರೂ ಬದಲಾಗಿತ್ತು. ಮೋಟಾರು ಗುರ್ ಎಂದಿತು, ಕಟ್ಟೆ ಕಣ್ಣಿನ ಮಟ್ಟದಿಂದ ಮೇಲೆ ಹೋಯಿತು, ತೊಟ್ಟಿ ಗಾಳಿಗೆ ಗಾಜಿಗೆ ಹೋಗಿ ತಾಗಿತು. ನಾನು ತಲೆಯೆತ್ತಿ ಕೊಂಡಿಯನ್ನೇ ನೋಡುತ್ತಾ ನಿಂತಿದ್ದೆ. ಗಾಜಿನ ಒಳಗೆ ಆಫೀಸಿನಲ್ಲಿ ಕುಳಿತಿದ್ದವರೊಬ್ಬರು ನಮ್ಮನ್ನು ಕಂಡು, ಮುಖ ಸಿಂಡರಿಸಿ, ಪರದೆ ಎಳೆದುಕೊಂಡರು.

"ಸುಮ್ನೆ ನಿಂತ್ರೆ ಹೆದ್ರಿಕೆ ಜಾಸ್ತಿ ಆಗ್ತದೆ ಸಾರ್," ಎಂದು ಫೋರ್‌ಮನ್ ನನ್ನ ಕೈಗೆ ಒರೆಸುವ ರಬ್ಬರ್ ಪಟ್ಟಿ ಕೊಟ್ಟರು. ನಾನು ಎಳೆದ ಗಾಜಿನ ಮೇಲೆ ನೀರಿನ ಗೀರುಗಳು ಉಳಿದವು. ಅವರು ಅದರ ಮೇಲೆಯೇ ಇನ್ನೊಮ್ಮೆ ಒರೆಸಿದರು.

ಕೆಳಗೆ ಇಳಿದು ಬೆಲ್ಟು ಬಿಚ್ಚಿ ಕೊಟ್ಟೆ. ಇಲ್ಲಿಗೆ ಮುಗಿಯಿತು ಅಂದುಕೊಂಡು ಕಾರಿನ ಕಡೆ ಹೊರಟೆ. ಪಿಕಪ್ಪಿನಲ್ಲಿ ಉಳಿದಿದ್ದ ಕೊಂಡಿಗಳ ಪೆಟ್ಟಿಗೆಯ ಮೇಲೆ ಕೈಯಿಟ್ಟು ಫೋರ್‌ಮನ್ ಕೂಗಿದರು.

"ನಾಳೆ ಪಕ್ಕದ ಬಿಲ್ಡಿಂಗ್ ಸಾರ್, ಅಲ್ಲಿಯವ್ರೂ ನೋಡ್ಬೇಕಲ್ಲ. ಗಾಳಿ ಏಳುವ ಮೊದಲು ಬನ್ನಿ."